ಷರಾ

ಈ ಊರಿನ ಹೆಸರು ಕ್ರೀಡ್.
ನನ್ನ ಕಿವಿಗೆ ಅದು ಕ್ರೀಡೆ ಎಂದೇ ಬೀಳುತ್ತದೆ.
ಆಟಕ್ಕೆ ಕೂತ ಮುನ್ನೂರು ಚಿಲ್ಲರೆ ಜನ,
ಎರಡು ಬಂಡೆಗಳ ಸಂದಿಯಲ್ಲಿ ಒಂದೇ ಬೀದಿ,
ಕೊಲರಾಡೊದ ಅಷ್ಟಗಲ ಆಕಾಶ
ಇಲ್ಲಿಗೆ ಬರುವ ಹೊತ್ತಿಗೆ ಒಂದು ಸೀಳು.

ಮೇಲೆ ಎಲೊಯ್ ಅರ್ಚುಲೆಟಾ ಡ್ರಿಲ್ ನಡೆಸುತ್ತಾನೆ
ಕಿವಿಗೆ ಹತ್ತಿ ತುರುಕಿಕೊಂಡು, ರಾತ್ರಿಪಾಳಿ.
ಬೆಳಿಗ್ಗೆ ಪಿಕಪ್ಪಿನಿಂದ ಪೆಟ್ಟಿಗೆಗಳು ಇಳಿಯುತ್ತವೆ,
ಬಳೆಗಾರನ ಮಲಾರದಷ್ಟು ಜೋಪಾನವಾಗಿ
ಸಾಲು ಸಾಲು ಕಲ್ಲಿನ ಕೋಲು.
ಒದ್ದೆ ಮಾಡಿ, ಒರೆಸಿ, ಭೂತಗನ್ನಡಿ ಹಿಡಿದು
ಗೇಣಿಗೊಂದು ಸಾಲು ಬರೆಯುವುದು ನನ್ನ ಕೆಲಸ:
ಬೂದಿಗಲ್ಲು. ಬೂದಿಗಲ್ಲು. ಬಿರುಕು. ಮತ್ತೆ ಬೂದಿಗಲ್ಲು.
ಕೋಟಿ ವರ್ಷ ಹೇಳಲು ಏನೂ ಇಲ್ಲದವರ ದಿನಚರಿ.

ಹದಿನೇಳನೆಯ ರಂಧ್ರ. ನೂರ ಎಂಬತ್ತನಾಲ್ಕನೇ ಮೀಟರು.
ಕಲ್ಲಿನಲ್ಲಿ ರಕ್ತ.

ಬೆಳ್ಳಿ ಬೆಳ್ಳಗಿರುತ್ತದೆಂದು ಅಂಗಡಿಯವರು ಹೇಳಬೇಕು.
ಬೆಟ್ಟದಲ್ಲಿ ಅದು ಮಸಿ, ಕಾಡಿಗೆ,
ಅದೃಷ್ಟವಿದ್ದರೆ ದಾಳಿಂಬೆಯ ಕಾಳು,
ಹೊರಗಿನ ಬೆಳಕು ತಾಗಿದರೆ ಮುಖ ಕಪ್ಪಿಡುವ ಕೆಂಪು.
ಕೋಟು ಬಿಚ್ಚಿ ಅದರ ಮೇಲೆ ಹೊದಿಸಿದೆ,
ಬಾಣಂತಿ ಕೋಣೆಯ ಕಿಟಕಿ ಮುಚ್ಚುವವರಂತೆ.
ಫೋನಿನಲ್ಲಿ ಡೆನ್ವರಿನ ಆಫೀಸು:
ಹೊದಿಕೆ ತೆಗಿ, ಬಿಸಿಲಲ್ಲಿಟ್ಟು ಒಂದು ಫೋಟೊ ಕಳಿಸು.

(ಮೂರು ವಾರಕ್ಕೆ ಲ್ಯಾಬಿನ ಚೀಟಿ ಬಂತು.
ಟನ್ನಿಗೆ ಎರಡು ಸಾವಿರ ಗ್ರಾಂ.
ನನಗೆ ಗ್ರಾಮಿನ ಲೆಕ್ಕ ಹತ್ತುವುದು ಕಾಲ್ಗೆಜ್ಜೆಯಲ್ಲಿ:
ನಲವತ್ತು ಜೊತೆ, ಮಕ್ಕಳವು, ಸದ್ದು ಮಾಡುವಂಥವು.
ಊರಸಭೆಯಲ್ಲಿ ಕೇಕು ಹಂಚಿದರು.
ವೆರ್ನಾ ಟಾಲ್ಬರ್ಟ್, ಎಂಬತ್ತೊಂದು ವರ್ಷ,
ಎಡಗೈ ಎತ್ತಿ ಕೇಳಿದಳು:
ಉಳಿದ ಒಂಬೈನೂರ ತೊಂಬತ್ತೆಂಟು ಕಿಲೋ
ಎಲ್ಲಿ ಮಲಗುತ್ತದಪ್ಪ?
ನಕ್ಷೆ ತೋರಿಸುತ್ತಿದ್ದ ಹುಡುಗ ನೀರು ಕುಡಿದ.)

ಆ ಬೆಳಗಿಗೇ ವಾಪಸು ಬರುತ್ತೇನೆ.
ಕೆಂಪು ಮುಗಿದು ಮೂರು ಗೇಣಿಗೆ
ಡ್ರಿಲ್ ಸರಕ್ಕನೆ ಜಾರಿತ್ತಂತೆ. ಬಿಟ್ಟ ನೀರು ಮೇಲೆ ಬರಲಿಲ್ಲವಂತೆ.
ಎಲೊಯ್ ಟೋಪಿ ತೆಗೆದು ನಿಂತಿದ್ದ.
ಕೊನೆಯ ಪೆಟ್ಟಿಗೆಯಲ್ಲಿದ್ದದ್ದು ಕಲ್ಲಲ್ಲ,
ಪೈನ್ ಮರ. ಹತ್ತೊಂಬತ್ತು ಸೆಂಟಿಮೀಟರು.
ದುಂಡಗೆ ಕೊರೆದು ಬಂದದ್ದು, ಒದ್ದೆ, ಮೂಸಿದರೆ ಇನ್ನೂ ರಾಳ.
ತಲೆಯ ಮೇಲಿನ ಬೆಟ್ಟಕ್ಕೆ ಯಾರೋ ಕೊಟ್ಟ ಊರೆಗೋಲು.
ಹಳೆಯ ಯಾವ ನಕ್ಷೆಯಲ್ಲೂ ಅಲ್ಲಿ ಸುರಂಗವಿಲ್ಲ.
ಅಷ್ಟು ದೂರ ಬಂದವರು, ಇನ್ನು ಮೂರೇ ಗೇಣು ಇದ್ದಾಗ,
ಯಾಕೆ ನಿಂತರು?
ಬೆಲೆ ಬಿತ್ತೋ, ಉಸಿರು ಬಿತ್ತೋ.

ನಲವತ್ತಾರು ಬಗೆಯ ಕಲ್ಲಿಗೆ ನಮ್ಮ ಕಂಪ್ಯೂಟರಿನಲ್ಲಿ ಸಂಕೇತವಿದೆ.
ಮರಕ್ಕಿಲ್ಲ.
ಖಾಲಿ ಬಿಡು, ಎಂದಿತು ಡೆನ್ವರು. ನಷ್ಟವಾದ ಭಾಗ ಅಂತ ಹಾಕು.

ಹಟ್ಟಿಯ ಚಿನ್ನದ ಗಣಿಯಲ್ಲಿ ನಮ್ಮಪ್ಪ ಗಂಟೆ ಹೊಡೆಯುತ್ತಿದ್ದ,
ಪಂಜರ ಇಳಿಸಲು, ಏರಿಸಲು.
ಅದಿರಿಗೆ ಒಂದು ಲೆಕ್ಕ, ಮನುಷ್ಯರಿಗೆ ಇನ್ನೊಂದು.
‘ಮೂರು ಹೊಡದ್ರ ಒಳಗ ಮಂದಿ ಅದಾರ ಅಂತ ತಿಳಿ,
ಕೈ ಸಾವಕಾಶ ಇರ್ಬೇಕು.’
ರಜೆಯ ದಿನ ಊಟದ ತಟ್ಟೆಗೂ ಬೆರಳಿನಿಂದ ಮೂರು ಬಡಿಯುತ್ತಿದ್ದ,
ಅವ್ವ ‘ಸಾಕು ಸುಮ್ನಿರಿ’ ಅನ್ನುವ ತನಕ.

ಕಟ್ಟಕಡೆಯ ಅಂಕಣ ಷರಾ.
ಅಲ್ಲಿ ಸಂಕೇತ ಕೇಳುವುದಿಲ್ಲ. ಅಲ್ಲಿ ಬರೆದದ್ದನ್ನು
ಯಾರೂ ಓದುವುದೂ ಇಲ್ಲ.
ಬರೆದೆ: ಮರ. ಒಂದು ಮಗ್ಗುಲಿಗೆ ಕೊಡಲಿಯ ಏಟು ಎರಡು,
ಓರೆ ನೋಡಿದರೆ ಎಡಗೈಯವನದ್ದೋ ಏನೋ.

ಮುಂದಿನ ರಂಧ್ರ ಎಲ್ಲಿ, ಎಂದ ಎಲೊಯ್, ಬಾಗಿಲಲ್ಲೇ ನಿಂತು.
ಸುತ್ತಿಗೆ ತೆಗೆದುಕೊಂಡು ಪೆಟ್ಟಿಗೆಯ ಅಂಚಿಗೆ
ಮೆಲ್ಲಗೆ ಮೂರು ಬಡಿದೆ.
ಅವನಿಗೇನು ಗೊತ್ತು, ಬಾಗಿಲು ಬಡಿಯುತ್ತಿರುವೆನೆಂದು ನಕ್ಕ.
ಚಳಿಯಾಗುತ್ತಿತ್ತು.
ಕೋಟು ಇನ್ನೂ ಕಲ್ಲಿನ ಮೇಲೇ ಇತ್ತು.